ಸಿಪಾಯಿಗಳ ನೆನಪು ಕನ್ನಡಕ್ಕೆ ಬಂತು: ಕೈಜೋಡಿಸಿದವರಿಗೆ ನಮಸ್ಕಾರ

ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ (1861–65) ಕಾದಾಡಿದ ಸಾಮಾನ್ಯ ಸಿಪಾಯಿಗಳ ನೆನಪಿನ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಅಂತೂ ಮುಗಿಯಿತು. ಜನರಲ್‌ಗಳ ಆತ್ಮಕಥೆಯಾಗಿದ್ದರೆ ನಕ್ಷೆ, ನಿಘಂಟು ಸಾಕಾಗುತ್ತಿತ್ತೇನೋ. ಸಿಪಾಯಿಯ ನೆನಪೆಲ್ಲ ಕೈ, ಕಾಲು, ಹೊಟ್ಟೆಗೆ ಸೇರಿದ್ದು. ಅದನ್ನು ಬಲ್ಲವರನ್ನೇ ಕೇಳಬೇಕು.

ಮೊದಲ ನಮಸ್ಕಾರ ಮಲೆನಾಡು, ಕೊಡಗಿನ ಕೇಪಿನ ಕೋವಿ ಬಲ್ಲ ಹಿರಿಯರಿಗೆ. ಆ ಸಿಪಾಯಿಗಳು ಹಿಡಿದ 1861ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಬಂದೂಕಿಗೂ ನಳಿಗೆಯ ಬಾಯಿಯಿಂದಲೇ ಈಡು ತುಂಬಬೇಕು. ಮದ್ದು, ಗುಂಡು ಸುತ್ತಿದ ಕಾಗದದ ತೋಟಾದ ತುದಿಯನ್ನು ಹಲ್ಲಿನಲ್ಲಿ ಹರಿದು, ಸುಮಾರು 4 ಗ್ರಾಂ ಮದ್ದನ್ನು ನಳಿಗೆಗೆ ಸುರಿದು, ಮಿನಿಯೆ ಎಂಬ ಸೀಸದ ಮೊನೆಗುಂಡನ್ನು ನಳಿಗೆಯ ಬಾಯಿಗಿಟ್ಟು, ಗಜವೆಂಬ ಉಕ್ಕಿನ ಸರಳಿನಿಂದ ತಳದವರೆಗೆ ಜಡಿದು, ಗಜವನ್ನು ಅದರ ಜಾಗಕ್ಕೆ ಸೇರಿಸಿ, ಕುದುರೆಯೆಂಬ ಬಂದೂಕಿನ ಸುತ್ತಿಗೆಯನ್ನು ಅರ್ಧ ಎತ್ತಿ, ಅದರ ಪೆಟ್ಟಿಗೆ ಕಿಡಿ ಕೊಡುವ ಪುಟ್ಟ ಕೇಪು ಕೂರಿಸಬೇಕು. ಪಳಗಿದವನು ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ಗಾಬರಿಯಲ್ಲಿ ಗಜವನ್ನು ನಳಿಗೆಯೊಳಗೇ ಮರೆತರೆ ಗುಂಡಿನ ಜೊತೆ ಅದೂ ಹಾರಿಹೋಗುತ್ತದೆ. ಆಮೇಲೆ ಬಿದ್ದವನ ಕೋವಿಯೇ ಗತಿ. ಕೇಪು ಮರೆತರಂತೂ ಇನ್ನೂ ಕೇಡು. ಬೇಟೆಯಲ್ಲಿ ಒಂಟಿ ಕೋವಿ ಸಿಡಿಯದಿದ್ದರೆ ತಕ್ಷಣ ತಿಳಿಯುತ್ತದೆ, ಸಾಲಿನಲ್ಲಿ ಎಡಬಲದವರ ಕೋವಿ ಸಿಡಿಯುವಾಗ ತನ್ನದು ಸಿಡಿಯಿತೋ ಇಲ್ಲವೋ ತಿಳಿಯದೆ ಸಿಪಾಯಿ ಅದರ ಮೇಲೇ ಇನ್ನೊಂದು ಈಡು ಜಡಿಯುತ್ತಿದ್ದ. 1863ರ ಗೆಟ್ಟಿಸ್‌ಬರ್ಗ್ ಕಾಳಗದ ನಂತರ ಆರಿಸಿ ತಂದ ಸುಮಾರು 27 ಸಾವಿರ ಬಂದೂಕುಗಳಲ್ಲಿ 24 ಸಾವಿರದಷ್ಟು ತುಂಬಿಯೇ ಇದ್ದವು, ಸಾವಿರಾರು ಬಂದೂಕುಗಳಲ್ಲಿ ಎರಡೆರಡು, ಮೂರು ಮೂರು ಈಡುಗಳಿದ್ದವು.

ಆ ಕಾಲದ ಉಡುಪು ತೊಟ್ಟು ಕವಾಯತು ತೋರಿಸುವ ಅಮೆರಿಕದ ಹವ್ಯಾಸಿಗಳಿಗೂ, ಅವರನ್ನು ಪರಿಚಯಿಸಿಕೊಟ್ಟ ಅಲ್ಲಿನ ಕನ್ನಡಿಗರಿಗೂ ಋಣಿ. ತೊಗಲಿನ ತೋಟಾಪೆಟ್ಟಿಗೆಯಲ್ಲಿ 40 ತೋಟಾ ಹಿಡಿಯುತ್ತವೆ, ಆದರೆ ಕೈಗೆ ಸಿಗುವುದು ಒಳಗಿನ ತಗಡಿನ ಡಬ್ಬಿಗಳ ಮೇಲಂತಸ್ತಿನ 20 ಮಾತ್ರ. ಉಳಿದವು ಕಟ್ಟು ಬಿಚ್ಚದೆ ಕೆಳಗಿರುತ್ತವೆ. ಗುಂಡಿನ ಮಳೆಯಲ್ಲಿ ಡಬ್ಬಿ ಹೊರಗೆಳೆದು ಕಟ್ಟು ಬಿಚ್ಚಿ ಮೇಲೆ ಜೋಡಿಸಬೇಕು. "ಇಪ್ಪತ್ತಾದ ಮೇಲೆ ನಮ್ಮ ಸಾಲು ತಣ್ಣಗಾಯಿತು" ಎಂಬಂಥ ಮಾತು ಅರ್ಥವಾದದ್ದು ಇದನ್ನು ಕಂಡ ಮೇಲೆ. 10 ತೋಟಾದ ಕಟ್ಟಿಗೆ 12 ಕೇಪು ಇಡುತ್ತಿದ್ದರು. ನಡುಗುವ ಬೆರಳಿಂದ ಅಷ್ಟು ಸಣ್ಣ ಕೇಪು ಜಾರದೆ ಇದ್ದೀತೆ?

ಮೈದಾ, ನೀರು ಎರಡರಲ್ಲೇ ಸಿಪಾಯಿಗಳ ದಿನದ ಪಡಿಯಾಗಿದ್ದ ಹಾರ್ಡ್‌ಟ್ಯಾಕ್ ಎಂಬ ಗಟ್ಟಿ ಬಿಸ್ಕತ್ತು ಸುಟ್ಟುಕೊಟ್ಟ ಬೇಕರಿಯವರಿಗೆ ವಿಶೇಷ ವಂದನೆ. ಸುಮಾರು 8 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ, ದಿನಕ್ಕೆ ಒಂಬತ್ತೋ ಹತ್ತೋ. ನೆನೆಸದೆ ಕಚ್ಚಿದರೆ ಹಲ್ಲಿಗೇ ಸಂಚಕಾರ. ಉತ್ತರದವರು ಇದನ್ನು ಪುಡಿಮಾಡಿ ಬಿಸಿ ಕಾಫಿಗೆ ಹಾಕುತ್ತಿದ್ದರು. ಹುಳ ತೇಲಿ ಬಂದರೆ ಕೆನೆ ತೆಗೆದಂತೆ ತೆಗೆದು ಕುಡಿಯುವುದು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಿದ್ದುದರಿಂದ ಅಲ್ಲಿ ಕಾಫಿಬೀಜಕ್ಕೆ ಬರ. ಚಿಕೋರಿ, ಹುರಿದ ಜೋಳ, ಗೆಣಸು, ಬೆಂಡೆಬೀಜ ಎಲ್ಲವೂ ಕಾಫಿಯೇ! ಎರಡೂ ಕಡೆಯ ಕಾವಲಿನ ಸಿಪಾಯಿಗಳು ಕದ್ದುಮುಚ್ಚಿ ತಂಬಾಕಿಗೆ ಕಾಫಿ ಬದಲಾಯಿಸಿಕೊಳ್ಳುತ್ತಿದ್ದುದು ಇದಕ್ಕೇ.

ಕರಡು ಓದಿದ ವೈದ್ಯರು ಕಾಯಿಲೆಯ ಅಧ್ಯಾಯವನ್ನು ಮೊಟಕು ಮಾಡಬೇಡಿ ಎಂದು ಪಟ್ಟು ಹಿಡಿದರು, ಒಳ್ಳೆಯದಾಯಿತು. ಕಾಳಗದಲ್ಲಿ ಸತ್ತವರ ಎರಡರಷ್ಟು ಜನ ಭೇದಿ, ಟೈಫಾಯ್ಡ್‌ನಂಥವಕ್ಕೆ ಬಲಿಯಾದರು. ಪಾಯಿಖಾನೆಯ ಗುಂಡಿ ನೀರಿನ ಹತ್ತಿರವೇ ಇರುತ್ತಿತ್ತು, ಅದಕ್ಕೂ ಹೋಗದವರು ಎಷ್ಟೋ. ಚಿಕ್ಕಂದಿನಲ್ಲಿ ದಡಾರ ಬಾರದ ಹಳ್ಳಿ ಹುಡುಗರು ದಂಡಿಗೆ ಸೇರಿದ ಮೊದಲ ತಿಂಗಳುಗಳಲ್ಲೇ ಅದು ತಗುಲಿ ಮಲಗಿದರು.

ಪಟಾಲಮ್ಮಿನ ಹಾಜರಿಪಟ್ಟಿ, ಪಿಂಚಣಿ ಕಡತಗಳನ್ನು ಕಾಪಾಡಿಟ್ಟ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೂ ವಂದನೆ. ಈ ನೆನಪುಗಳಲ್ಲಿ ಬಹಳಷ್ಟು ಬರೆದದ್ದು ಯುದ್ಧ ಮುಗಿದು ಇಪ್ಪತ್ತು ವರ್ಷ ಕಳೆದ ಮೇಲೆ. ಬೂಟು ಕಚ್ಚಿದ್ದು, ಹಸಿವು, ಮಳೆ ಇವುಗಳಲ್ಲಿ ಸಿಪಾಯಿಯ ಮಾತನ್ನು ನಾವು ನಂಬಿದ್ದೇವೆ. ಎದುರಾಳಿಗಳೆಷ್ಟಿದ್ದರು ಎಂಬುದರಲ್ಲಿ ಅಷ್ಟಾಗಿ ಇಲ್ಲ. ಅಂಥ ಕಡೆ ಕಡತದ ಲೆಕ್ಕವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದೇವೆ. ಪೌಂಡು, ಔನ್ಸು, ಇಂಚುಗಳನ್ನೆಲ್ಲ ಕೂತು ಬದಲಾಯಿಸಿಕೊಟ್ಟ ಗಣಿತದ ಮೇಷ್ಟ್ರಿಗೆ ಮೊದಲ ಪ್ರತಿ ಮೀಸಲು.