ಪಂಪು ಬದಲಿಸುವ ಮೊದಲು ವೋಲ್ಟೇಜು ಅಳೆಯಲಿ

ಮಾನ್ಯ ಸಂಪಾದಕರೇ,

ಆಲ್ದೂರಿನ ಬಳಿ ತೋಟವಿರುವ ನಾನು ಹಳೆಯ ಡೀಸೆಲ್ ಕಾರೊಂದನ್ನು ಇಟ್ಟುಕೊಂಡಿದ್ದೇನೆ. ಕಳೆದ ಮಳೆಗಾಲದ ನಂತರ, ಚಾರ್ಮಾಡಿ ಘಾಟಿ ಹತ್ತುವಾಗಲೆಲ್ಲ ಅದರ ಪಿಕಪ್ ಕುಸಿದು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತಿತ್ತು. ಬೆಳಗಿನ ತಂಪಿನಲ್ಲಿ ಮಾತ್ರ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಗ್ಯಾರೇಜಿನ ಸ್ಕ್ಯಾನರ್ ಡೀಸೆಲ್ ತಂಪು ಮಾಡುವ ಪಂಪಿನ ಸರ್ಕ್ಯೂಟಿನಲ್ಲಿ ದೋಷವಿದೆಯೆಂದು ತೋರಿಸಿತು. ಮೊದಲು ಪಂಪನ್ನು, ಅದರಿಂದ ಗುಣ ಕಾಣದಿದ್ದಾಗ ಇಂಧನದ ಉಷ್ಣತೆಯ ಸೆನ್ಸರನ್ನು ಬದಲಿಸಿದರು. ₹22 ಸಾವಿರ ಖರ್ಚಾದರೂ ದೀಪ ಆರಲಿಲ್ಲ.

ಇದು ಕಡೆಗಣಿಸುವಂಥ ದೋಷವಲ್ಲ. ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಒದಗಿಸುವ ಅನೇಕ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಅದು 1,600 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡಕ್ಕೆ ಒಳಗಾಗುವುದರಿಂದ, ಉಳಿದು ಟ್ಯಾಂಕಿಗೆ ಮರಳುವ ಡೀಸೆಲ್ ಬಹಳ ಬಿಸಿಯಾಗಿರುತ್ತದೆ. ಬಿಸಿಯಾದಷ್ಟೂ ಅದು ತೆಳುವಾಗುತ್ತದೆ. ಈ ಒತ್ತಡವನ್ನು ಉಂಟುಮಾಡುವ ಹೈ ಪ್ರೆಷರ್ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆಯ ಕೆಲಸವನ್ನೂ ಮಾಡುವುದರಿಂದ, ತೆಳುವಾದ ಡೀಸೆಲ್ ಆ ದುಬಾರಿ ಪಂಪನ್ನೇ ಸವೆಸುತ್ತದೆ. ಅನೇಕ ವಾಹನಗಳಲ್ಲಿ ಚಾಸಿಯ ಕೆಳಗಿನ ಕೂಲರ್‌ಗೆ ಗಾಳಿ ತಗುಲಿದರೆ ಸಾಕು. ನನ್ನ ಕಾರಿನಂಥ ಕೆಲವದರಲ್ಲಿ ಸಣ್ಣ ವಿದ್ಯುತ್ ಪಂಪೊಂದು ಕೂಲರ್ ಮೂಲಕ ಕೂಲೆಂಟ್ ಹರಿಸಬೇಕು.

ಕೊನೆಗೆ ಹಾಸನದ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಕನೆಕ್ಟರ್ ಬಿಚ್ಚಿ ಅಳೆದಾಗ ಮಲ್ಟಿಮೀಟರ್ ಬ್ಯಾಟರಿಯಷ್ಟೇ, ಅಂದರೆ 12.4 ವೋಲ್ಟ್, ತೋರಿಸಿತು. ಹಿಂದಿನವರು ಇಲ್ಲಿಗೇ ನಿಲ್ಲಿಸಿ, ಕರೆಂಟು ಬರುತ್ತಿದೆ, ಆದ್ದರಿಂದ ಪಂಪೇ ಕೆಟ್ಟಿದೆ ಎಂದು ತೀರ್ಮಾನಿಸಿದ್ದಿರಬೇಕು. ಇವರು ಕನೆಕ್ಟರನ್ನು ಮತ್ತೆ ಜೋಡಿಸಿ, ಪಂಪಿಗೆ ಚಾಲನೆ ಕೊಟ್ಟು, ಹಿಂಬದಿಯಿಂದ ಸೂಜಿಮೊನೆ ತೂರಿಸಿ ಅಳೆದರು. ಪಂಪಿಗೆ ಸಿಗುತ್ತಿದ್ದುದು 7.9 ವೋಲ್ಟ್ ಮಾತ್ರ. ಪಾಸಿಟಿವ್ ಕಡೆಯ ನಷ್ಟ 0.2 ವೋಲ್ಟ್, ಕರೆಂಟು ಬ್ಯಾಟರಿಗೆ ಮರಳುವ ಅರ್ಥ್ ಕಡೆಯ ನಷ್ಟ 4.3 ವೋಲ್ಟ್. ಕಾರಿನಡಿ ಮಲಗಿ ಅರ್ಥ್ ವೈರನ್ನು ಹಿಡಿದುಕೊಂಡು ಹೋದರೆ, ಅದರ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಸಿರು ಕಿಲುಬು ಹಿಡಿದು, ಹತ್ತಾರು ಎಳೆಗಳಲ್ಲಿ ಮೂರೋ ನಾಲ್ಕೋ ಉಳಿದಿದ್ದವು. ಹೊಸ ಲಗ್ ಹಾಕಿ, ಬೋಲ್ಟು ಕೂರುವ ಜಾಗವನ್ನು ಉಜ್ಜಿ, ಬಿಗಿದು, ಗ್ರೀಸ್ ಸವರಿದರು. ಅಂದು ಸಂಜೆಯೇ ಘಾಟಿ ಹತ್ತಿದೆ, ದೀಪ ಹೊತ್ತಲಿಲ್ಲ.

ವೈರ್ ತುಂಡಾಗಿದೆಯೇ ಎಂದು ನೋಡುವ ಕಂಟಿನ್ಯುಟಿ ಪರೀಕ್ಷೆಯ ಪೀಪ್ ಸದ್ದನ್ನು ನಂಬುವವರು ಗಮನಿಸಬೇಕಾದ ಮಾತು ಇಲ್ಲೇ ಇದೆ. ಒಂದೇ ಎಳೆ ಉಳಿದಿದ್ದರೂ ಮೀಟರ್ ಸದ್ದು ಮಾಡುತ್ತದೆ, ಏಕೆಂದರೆ ಅದು ಹರಿಸುವ ಕರೆಂಟು ಅತ್ಯಲ್ಪ. ಮೋಟರಿಗೆ ಬೇಕಾದ ಆಂಪಿಯರ್‌ಗಳನ್ನು ಆ ಎಳೆ ಹೊರಲಾರದು. ಲೋಡ್ ಇರುವಾಗ, ಅಂದರೆ ಮೋಟರು ಓಡುತ್ತಿರುವಾಗ, ಅಳೆದರಷ್ಟೇ ನಿಜ ತಿಳಿಯುತ್ತದೆ. ಸ್ಕ್ಯಾನರ್ ಸರ್ಕ್ಯೂಟನ್ನು ತೋರಿಸುತ್ತದೆಯೇ ಹೊರತು, ಆ ಸರ್ಕ್ಯೂಟಿನ ಫ್ಯೂಸ್, ರಿಲೇ, ವೈರ್, ಅರ್ಥ್‌ಗಳಲ್ಲಿ ಯಾವುದು ಕೆಟ್ಟಿದೆಯೆಂದು ಹೇಳುವುದಿಲ್ಲ. ತಿಂಗಳುಗಟ್ಟಲೆ ಮಳೆ ಹಿಡಿಯುವ, ತೋಟದ ಶೆಡ್ಡುಗಳಲ್ಲಿ ಇಲಿಗಳು ವೈರ್ ಕಡಿಯುವ ನಮ್ಮ ಮಲೆನಾಡಿನಲ್ಲಿ ಮೊದಲು ನೋಡಬೇಕಾದದ್ದು ಇವನ್ನೇ.

ಗ್ಯಾರೇಜಿನವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ನನ್ನ ಎರಡೂ ಜಾಬ್ ಕಾರ್ಡುಗಳಲ್ಲಿ ಬದಲಿಸಿದ ಬಿಡಿಭಾಗದ ಹೆಸರಿದೆ, ಅಳತೆಯ ಒಂದು ಅಂಕಿಯೂ ಇಲ್ಲ. ಪಡೆಯುವ ಸೇವೆಯ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೆ ಕೊಟ್ಟಿದೆ. ವಿದ್ಯುತ್ ಬಿಡಿಭಾಗವನ್ನು ಬದಲಿಸುವ ಮುನ್ನ, ಲೋಡ್ ಇರುವಾಗ ಪಾಸಿಟಿವ್ ಮತ್ತು ಅರ್ಥ್ ಕಡೆಗಳಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿತ್ತೆಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು, ತೆಗೆದ ಹಳೆಯ ಭಾಗವನ್ನು ಮಾಲೀಕರ ಕೈಗೆ ಕೊಡುವ ಪದ್ಧತಿಯನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗ್ಯಾರೇಜುಗಳು ಆರಂಭಿಸಬೇಕೆಂದು ಕೋರುತ್ತೇನೆ.

– ಕಾಫಿ ಬೆಳೆಗಾರ, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ