ಪೈನ್ ಮರಕ್ಕೆ ಕತ್ತರಿ ಹಾಕುವ ಮುಂಚೆ

ಪ್ರೀತಿಯ ಮಗಳೇ,

ಫೋಟೋ ನೋಡಿದೆ. ಮರ ಚೆನ್ನಾಗಿದೆ ಕಣಮ್ಮ, ಸ್ವಲ್ಪ ಅಡ್ಡಾದಿಡ್ಡಿ ಬೆಳೆದಿದೆ ಅಷ್ಟೇ. "ಬೇಲಿ ಗಿಡದ ಥರ ಸುತ್ತಲೂ ಒಂದೇ ಸಮ ಕತ್ತರಿಸಿಬಿಡ್ಲಾ ಅಪ್ಪಾ" ಅಂತ ಕೇಳಿದ್ದೀಯಲ್ಲ, ಅದೊಂದು ಮಾತ್ರ ಮಾಡಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ನಿನಗೆ ಮರೆತುಹೋಗುತ್ತದೆ, ಉಳಿದರ್ಧ ಹೇಳೋದು ನನಗೆ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗುಲಾಬಿಯನ್ನು ಎಷ್ಟೇ ಗಿಡ್ಡ ಕತ್ತರಿಸಿದರೂ ಕೆಳಗಿನ ಗಿಣ್ಣಿನಿಂದ ಮತ್ತೆ ಚಿಗುರುತ್ತದೆ. ಪೈನ್ ಹಾಗಲ್ಲ. ಅದರ ಚಿಗುರು ಮೊಗ್ಗು ಕೂರುವುದು ಕೊಂಬೆಯ ತುದಿಯಲ್ಲಿ. ಸೂಜಿ ಎಲೆ ಇರುವಷ್ಟು ಭಾಗದಲ್ಲಿ ಕತ್ತರಿಸಿದರೆ, ಆ ಎಲೆಗಳ ಬುಡದಿಂದ ಹೊಸ ಮೊಗ್ಗು ಬರುವ ಆಸೆ ಇಟ್ಟುಕೊಳ್ಳಬಹುದು. ಎಲೆ ಉದುರಿ ಬೋಳಾದ ಹಳೇ ಕೊಂಬೆಗೆ ಕತ್ತರಿ ಹಾಕಿದೆಯೋ, ಅಲ್ಲಿಂದ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಆ ಕೊಂಬೆ ಅಲ್ಲಿಗೆ ಒಣಗಿತು ಅಂತಲೇ ಲೆಕ್ಕ. ಹಾಗಾಗಿ ಮರ ಕೈಮೀರಿ ಬೆಳೆದ ಮೇಲೆ ಅರ್ಧಕ್ಕೆ ಇಳಿಸುತ್ತೇನೆ ಅಂದರೆ ಆಗದ ಮಾತು. ವರ್ಷವರ್ಷ ಸ್ವಲ್ಪ ಸ್ವಲ್ಪ ಹಿಡಿತದಲ್ಲಿ ಇಟ್ಟುಕೊಳ್ಳಬೇಕು.

ದೊಡ್ಡ ಕತ್ತರಿಯಿಂದ ಇನ್ನೊಂದು ತೊಂದರೆ ಇದೆ. ಅದು ಸೂಜಿಗಳನ್ನೂ ಅರ್ಧಕ್ಕೇ ಕತ್ತರಿಸಿಬಿಡುತ್ತದೆ. ತುಂಡಾದ ಪ್ರತಿ ಸೂಜಿಯ ತುದಿ ಕಂದು ಬಣ್ಣಕ್ಕೆ ತಿರುಗಿ, ಇಡೀ ಮರ ಬೆಂಕಿಯ ಝಳ ತಾಗಿದ ಹಾಗೆ ಕಾಣುತ್ತದೆ. ಪೈನ್ ಎಲೆ ವರ್ಷಕ್ಕೊಮ್ಮೆ ಪೂರ್ತಿ ಉದುರುವುದಿಲ್ಲ, ಎರಡು ಮೂರು ವರ್ಷ ಮರದಲ್ಲೇ ಇರುತ್ತದೆ. ಅಷ್ಟೂ ದಿನ ಆ ಕಂದು ತುದಿಗಳನ್ನು ನೋಡಿಕೊಂಡು ಕೂರಬೇಕು.

ಹಾಗಾದರೆ ಏನು ಮಾಡಬೇಕು? ಕುಡಿ ಚಿವುಟಬೇಕು. ಕತ್ತರಿಯಿಂದಲ್ಲ, ಬೆರಳಿನಿಂದ.

ವಸಂತದಲ್ಲಿ ಕೊಂಬೆಗಳ ತುದಿ ನೋಡು. ತೆಳು ಬಣ್ಣದ ಚಿಗುರುಗಳು ನೆಟ್ಟಗೆ ಮೇಲೆದ್ದಿರುತ್ತವೆ. ನೋಡೋಕೆ ಮೇಣದ ಬತ್ತಿಯ ಹಾಗೇ ಇರುವುದರಿಂದ ತೋಟದವರು ಇದನ್ನು ಕ್ಯಾಂಡಲ್ ಅಂತಲೇ ಕರೆಯುತ್ತಾರೆ. ಮೊದಮೊದಲು ಸೂಜಿಗಳು ಇನ್ನೂ ಬಿಚ್ಚಿಕೊಂಡಿರುವುದಿಲ್ಲ, ಚಿಗುರಿಗೆ ಒತ್ತಿಕೊಂಡು ಸಣ್ಣ ಮುಳ್ಳಿನಷ್ಟೇ ಕಾಣುತ್ತವೆ. ನಿನ್ನ ಕೆಲಸಕ್ಕೆ ಅದೇ ಸರಿಯಾದ ಸಮಯ, ಕೆಲವೇ ವಾರ ಸಿಗುವುದು. ಚಿಗುರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ಪಕ್ಕಕ್ಕೆ ಬಗ್ಗಿಸು. ಎಳೆಯದಾಗಿದ್ದರೆ ಪಟ್ ಅಂತ ಮುರಿಯುತ್ತದೆ, ಮುರಿದ ಕಡೆ ಅಂಟು ಹನಿಗಟ್ಟುತ್ತದೆ. ಮುರಿಯದೆ ನಾರು ನಾರಾಗಿ ಎಳೆದುಕೊಂಡರೆ ತಡವಾಯಿತು ಅಂತ ತಿಳಿದುಕೋ. ಎಳೆಯದಿದ್ದಾಗ ಚಿವುಟಿದರೆ ಆ ಜಾಗದಲ್ಲೇ ಮುಂದಿನ ವರ್ಷದ ಮೊಗ್ಗುಗಳು ಕಟ್ಟಿಕೊಳ್ಳುತ್ತವೆ. ಬಲಿತ ಮೇಲೆ ಕತ್ತರಿಸಿದರೆ ಆ ಭರವಸೆ ಇಲ್ಲ.

ಎಷ್ಟು ಚಿವುಟಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಅರ್ಧ ತೆಗೆದರೆ ಬೆಳವಣಿಗೆ ಹದವಾಗಿ ತಗ್ಗುತ್ತದೆ. ಮೂರರಲ್ಲಿ ಎರಡು ಭಾಗ ತೆಗೆದರೆ ಮರ ಇನ್ನೂ ಗಿಡ್ಡಗೆ, ಒತ್ತಾಗಿ ನಿಲ್ಲುತ್ತದೆ. ಎಲ್ಲ ಕಡೆ ಒಂದೇ ಅಳತೆ ಬೇಡ. ಪೈನ್ ತನ್ನ ಶಕ್ತಿಯನ್ನೆಲ್ಲ ನೆತ್ತಿಗೆ ಕಳಿಸುವ ಮರ, ಕೆಳಗಿನ ಕೊಂಬೆಗಳು ಸೊರಗಿರುತ್ತವೆ. ಆದ್ದರಿಂದ ಮೇಲೆ ಜಾಸ್ತಿ ಚಿವುಟು, ಕೆಳಗೆ ಕಮ್ಮಿ. ತೀರಾ ಸೊರಗಿದ ಕೊಂಬೆಯನ್ನು ಮುಟ್ಟಲೇಬೇಡ. ಒಂದೇ ತುದಿಯಲ್ಲಿ ನಾಲ್ಕೈದು ಕ್ಯಾಂಡಲ್ ಇರುತ್ತವಲ್ಲ, ಅವುಗಳಲ್ಲಿ ನಡುವಿನ ದಪ್ಪದ್ದು ಎಲ್ಲಕ್ಕಿಂತ ಮುಂದೆ ಓಡುತ್ತದೆ. ಅದನ್ನು ಗಿಡ್ಡ ಮಾಡು, ಪಕ್ಕದವು ಮೇಲೇಳುತ್ತವೆ. ಆದರೆ ಮರ ಇನ್ನೂ ಎತ್ತರ ಆಗಲಿ ಅಂತಿದ್ದರೆ ಮರದ ತುತ್ತತುದಿಯ ಕುಡಿಯನ್ನು ಮಾತ್ರ ಹಾಗೇ ಬಿಡು.

ಜಪಾನಿನ ತೋಟಗಳಲ್ಲಿ ಪದರ ಪದರವಾಗಿ ನಿಂತ ಪೈನ್ ಮರಗಳ ಚಿತ್ರ ನೋಡಿ ನಿನಗೆ ಆಸೆ ಹುಟ್ಟಿದೆ ಅಂತ ಗೊತ್ತು. ಅಲ್ಲಿನವರು ವಸಂತದಲ್ಲಿ ಕುಡಿ ಚಿವುಟಿ, ಚಳಿಗಾಲಕ್ಕೆ ಮುಂಚೆ ಮತ್ತೆ ಏಣಿ ಹತ್ತಿ ಹಳೇ ಸೂಜಿಗಳನ್ನು ಕೈಯಲ್ಲೇ ಕಿತ್ತು ತೆಗೆಯುತ್ತಾರೆ. ಒಳಗೆ ಬೆಳಕು ಹೋಗಲಿ, ಒಳಗಿನ ಸಣ್ಣ ಕೊಂಬೆಗಳು ಬದುಕಲಿ ಅಂತ. ಜಪಾನಿನ ಕಪ್ಪು ಪೈನ್ ಚೆನ್ನಾಗಿ ಗಟ್ಟಿಯಾಗಿದ್ದರೆ, ಬೇಸಿಗೆಯ ಶುರುವಿನಲ್ಲಿ ಕ್ಯಾಂಡಲನ್ನು ಬುಡಕ್ಕೇ ಕತ್ತರಿಸಿದರೂ ಅದೇ ವರ್ಷ ಮತ್ತೊಮ್ಮೆ ಚಿಗುರುತ್ತದೆ. ಅದನ್ನು ನೋಡಿ ಎಲ್ಲ ಪೈನ್‌ಗೂ ಹಾಗೆ ಮಾಡೋಕೆ ಹೋಗಬೇಡ. ಮುಗೋ ಪೈನ್, ಬಿಳಿ ಪೈನ್ ಇವೆಲ್ಲ ವರ್ಷಕ್ಕೆ ಒಂದೇ ಸಲ ಚಿಗುರುವ ಜಾತಿ. ನಿನ್ನದು ಯಾವುದು ಅಂತ ತಿಳಿಯುವವರೆಗೆ ಅರ್ಧ ಚಿವುಟಿದರೆ ಸಾಕು.

ಒಣಗಿದ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹಸಿ ಕೊಂಬೆ ತೆಗೆಯೋದಿದ್ದರೆ ಚಳಿಗಾಲ ಒಳ್ಳೆಯದು, ಅಂಟು ಕಮ್ಮಿ ಸುರಿಯುತ್ತದೆ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಸುತ್ತಲೂ ಸ್ವಲ್ಪ ಉಬ್ಬಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಕೈಯಾಡಿಸು, ಬೆರಳಿಗೆ ಸಿಗುತ್ತದೆ. ಗಾಯ ಮುಚ್ಚಿಕೊಳ್ಳುವುದು ಆ ಉಬ್ಬಿನಿಂದಲೇ. ಅದರ ಹೊರಗಡೆ ಕತ್ತರಿಸು. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮ ಮಾಡಬೇಡ, ಉದ್ದ ಮೋಟು ಬಿಡಲೂ ಬೇಡ. ಕೊಂಬೆ ದಪ್ಪ ಇದ್ದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಗರಗಸ ಹಾಕು. ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸು. ಉಳಿದ ಮೋಟನ್ನು ಕೊನೆಗೆ ತೆಗೆ. ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬರುತ್ತದೆ. ಗಾಯಕ್ಕೆ ಪೇಂಟ್ ಬಳಿಯೋದು ಹಳೇ ಅಭ್ಯಾಸ, ಅದರಿಂದ ಉಪಯೋಗ ಇಲ್ಲ. ಅಂಟು ತಾನೇ ಮುಚ್ಚಿಕೊಳ್ಳುತ್ತದೆ.

ಆ ಅಂಟು ಕೈಗೆ ಹತ್ತಿದರೆ ಸುಮ್ನೆ ಸೋಪು ಉಜ್ಜುತ್ತಾ ಕೂರಬೇಡ. ಮೊದಲು ಎಣ್ಣೆ ಹಚ್ಚಿ ತಿಕ್ಕು, ಆಮೇಲೆ ಸೋಪು. ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸು, ರೋಗ ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದೂ ತಪ್ಪುತ್ತದೆ.

ಶರತ್ಕಾಲದಲ್ಲಿ ಒಳಗಿನ ಸೂಜಿಗಳು ಹಳದಿಯಾಗಿ ಉದುರಿದರೆ ಗಾಬರಿಯಾಗಿ ನನಗೆ ಫೋನ್ ಮಾಡಬೇಡ, ಅದು ಹಳೇ ಎಲೆ ಬೀಳೋದು ಅಷ್ಟೇ. ಹೊಸ ತುದಿಗಳು ಒಣಗಿದರೆ ಮಾತ್ರ ಮಾಡು, ರಾತ್ರಿಯಾದರೂ ಪರವಾಗಿಲ್ಲ.

ಈಗ ಒಂದು ಕೆಲಸ ಮಾಡು. ಸೂಜಿಗಳು ಗೊಂಚಲು ಗೊಂಚಲಾಗಿ ಬಂದಿರುತ್ತವೆ, ಒಂದು ಗೊಂಚಲು ಕಿತ್ತು ಎಣಿಸು. ಎರಡೋ, ಮೂರೋ, ಐದೋ ಇರುತ್ತದೆ. ಐದಿದ್ದರೆ ಬಿಳಿ ಪೈನ್ ಕಡೆಯದು ಇರಬಹುದು. ಎರಡಿದ್ದರೆ ಮುಗೋನೋ ಕಪ್ಪು ಪೈನೋ ನೋಡಬೇಕು, ಮೊಗ್ಗಿನ ಫೋಟೋ ಹತ್ತಿರದಿಂದ ತೆಗೆದು ಕಳಿಸು. ಸೂಜಿ ಗೊಂಚಲಾಗದೆ ಒಂದೊಂದೇ ಬಿಡಿಬಿಡಿಯಾಗಿದ್ದರೆ ಅದು ಪೈನೇ ಅಲ್ಲ, ಆಗ ಇನ್ನೊಂದು ಪತ್ರ ಬರೆಯುತ್ತೇನೆ.

ನಿನ್ನ
ಅಪ್ಪ