ಮಗಳಿಗೊಂದು ಪತ್ರ: ಅಜ್ಜಿಯ ಕೈಗೆ ಕೊಟ್ಟ ಕಾಗದ

ಕಟಪಾಡಿ
ಮಾರ್ಚ್ 17

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಸಂಜೆ ನಮ್ಮ ಓನರ್ ಅಜ್ಜಿಗೆ ಹೇಳಿದೆ. ಈ ಬಾಡಿಗೆ ಮನೆ ಬಿಡುವ ಕಾಗದವನ್ನೂ ಅವರ ಕೈಯಲ್ಲೇ ಕೊಟ್ಟೆ. ಫೋನಿನಲ್ಲಿ ನೀನು ಮೂರು ಸಲ ಕೇಳಿದ್ದಿ, ಮೂರು ಸಲವೂ ನಾನು "ಹೇಳ್ತೇನೆ, ಹೇಳ್ತೇನೆ" ಎಂದು ಮಾತು ಬದಲಿಸಿದ್ದೆ. ನಿನಗೆ ಸಿಟ್ಟು ಬಂದದ್ದು ಗೊತ್ತಾಗಿತ್ತು. "15 ದಿನ ಮೊದಲು ಹೇಳಿದರೆ ಸಾಕು ಅಂತ ನೀವೇ ಹೇಳಿದ್ದಲ್ವಾ ಅಪ್ಪಾ, ಎರಡು ತಿಂಗಳ ಬಾಡಿಗೆ 13,000 ಯಾಕೆ ಸುಮ್ಮನೆ ಕೊಡುವುದು? ಅಜ್ಜಿಯ ಮಗನಿಗೆ ಒಂದು ವಾಟ್ಸ್ಆಪ್ ಹಾಕಿ, ಮುಗೀತು" ಎಂದಿದ್ದಿ. ಅಲೆವೂರಿನಲ್ಲಿ ಕೊಂಡ ಮನೆಯ ಸಾಲದಲ್ಲಿ ನಿನ್ನ ಹೆಸರೂ ಉಂಟು, ಹಾಗಾಗಿ ಆ ಲೆಕ್ಕ ಕೇಳುವ ಹಕ್ಕೂ ನಿನಗುಂಟು. ಫೋನಿನಲ್ಲಿ ಹೇಳಲು ಬಾರದ್ದನ್ನು ಕೂತು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. ನೀನು ಹೇಳಿದ್ದು ಸರಿಯೇ. ನಾವು ಈ ಮನೆಗೆ ಬಂದಾಗ ಬರೆದದ್ದು 11 ತಿಂಗಳ ಕರಾರು. (ಒಂದು ವರ್ಷ ಮೀರಿದ ಅವಧಿಗೆ ಬರೆದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಎಲ್ಲರ ಕರಾರಿನಲ್ಲೂ 11 ಎಂದು ಕಾಣುವುದು ಅದಕ್ಕೇ.) ಎರಡು ಸಲ ಹೊಸದಾಗಿ ಬರೆದೆವು. ಆಮೇಲೆ ಅಜ್ಜಿಯೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಕರಾರು ಮುಗಿದ ಮೇಲೂ ಬಾಡಿಗೆ ಕೊಟ್ಟು ತೆಗೆದುಕೊಂಡು ಇದ್ದರೆ ಅದು ತಿಂಗಳು ತಿಂಗಳ ಬಾಡಿಗೆ ಆಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಅದನ್ನು ಮುಗಿಸಲು 15 ದಿನದ ನೋಟಿಸ್ ಸಾಕು. ಬರಹದಲ್ಲಿರಬೇಕು, ಸಹಿ ಇರಬೇಕು, ಅಷ್ಟೆ. ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ 31 ವರ್ಷ ನಾನು ಟೈಪ್ ಮಾಡಿದ ಇಂಥ ನೋಟಿಸುಗಳಿಗೆ ಲೆಕ್ಕವಿಲ್ಲ. "ನನ್ನ ಕಕ್ಷಿದಾರರ ಸೂಚನೆ ಮೇರೆಗೆ" ಎಂದು ಶುರು, "ತಪ್ಪಿದಲ್ಲಿ ಮುಂದಿನ ಕಷ್ಟನಷ್ಟಗಳಿಗೆ ತಾವೇ ಹೊಣೆ" ಎಂದು ಮುಕ್ತಾಯ. ಅಜ್ಜಿಗೆ ಬರೆಯಲು ಕೂತಾಗ ಆ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ತಡ ಮಾಡಿದ್ದಕ್ಕೆ ಒಂದು ಕಾರಣ ನನ್ನ ಕಸುಬು. ಜನವರಿಯಲ್ಲಿ ಅಲೆವೂರಿನ ಮನೆಗೆ ಟೋಕನ್ ಕೊಟ್ಟ ದಿನವೇ ಅಮ್ಮ "ಅಜ್ಜಿಗೆ ಹೇಳಿಬಿಡುವಾ" ಎಂದಳು. ನಾನು ಬೇಡ ಎಂದೆ. ಕೆಲವು ವರ್ಷದ ಹಿಂದೆ ನಮ್ಮ ಆಫೀಸಿಗೆ ಬಂದಿದ್ದ ಒಂದು ಸಂಸಾರ, ಟೋಕನ್ ಕೊಟ್ಟ ಖುಷಿಯಲ್ಲಿ ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿಬಿಟ್ಟಿತ್ತು. ಓನರ್ ಬೇರೆಯವರಿಂದ ಅಡ್ವಾನ್ಸ್ ತೆಗೆದುಕೊಂಡಾಯಿತು. ಅಷ್ಟರಲ್ಲಿ ಕೊಳ್ಳಬೇಕಿದ್ದ ಜಾಗದ ಕಾಗದಪತ್ರದಲ್ಲಿ ತೊಡಕು ಕಂಡಿತು. ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಕುಟುಂಬದ ಆಸ್ತಿ ಅದು. ನಮ್ಮ ಕಡೆ ಅಂಥ ಆಸ್ತಿಯಲ್ಲಿ ಅಕ್ಕತಂಗಿಯರ, ಅವರ ಮಕ್ಕಳ ಹಕ್ಕೆಲ್ಲ ಬರುತ್ತದೆ, ಸಹಿ ಹಾಕಬೇಕಾದವರ ಪಟ್ಟಿ ಉದ್ದ. ಒಬ್ಬರು ಪರದೇಶದಲ್ಲಿದ್ದರು. ಅವರ ಪವರ್ ಆಫ್ ಅಟಾರ್ನಿ ಬರುವಾಗ ಮಳೆಗಾಲ ಅರ್ಧ ಮುಗಿದಿತ್ತು. ಈ ಸಂಸಾರದ ಕಪಾಟು, ಮಂಚ, ಮಕ್ಕಳ ಪುಸ್ತಕ ಎಲ್ಲ ಜೂನ್ ತಿಂಗಳ ಮಳೆಯಲ್ಲಿ ನೆಂಟರ ಮನೆಯ ಜಗಲಿಯಲ್ಲಿ ಟಾರ್ಪಾಲಿನ ಅಡಿ ಬಿದ್ದಿತ್ತು. ಆ ಹೆಂಗಸು ನಮ್ಮ ಆಫೀಸಿನ ಬೆಂಚಿನಲ್ಲಿ ಕೂತು ಅತ್ತದ್ದು ಈಗಲೂ ನನ್ನ ಕಣ್ಣ ಮುಂದೆ ಉಂಟು. ಹಾಗಾಗಿ ಜಾಗದ ಮೇಲಿನ ಋಣಭಾರ ತೋರಿಸುವ ಇಸಿ ತೆಗೆಸಿ, ಪಂಚಾಯತಿಯ 9/11 (ಖಾತೆಯ ನಮೂನೆಗಳು) ನೋಡಿ, ಮಾರ್ಚ್ 5ಕ್ಕೆ ಕ್ರಯಪತ್ರ ರಿಜಿಸ್ಟರ್ ಆಗಿ ಕೀ ಕೈಗೆ ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ಇದು ಸರಿ ಎಂದು ಈಗಲೂ ಹೇಳುತ್ತೇನೆ.

ಅದಾದ ಮೇಲೂ 11 ದಿನ ಸುಮ್ಮನಿದ್ದೆನಲ್ಲ, ಅದಕ್ಕೆ ಕಾರಣ ಮಲ್ಲಿಗೆ.

ಅಮ್ಮ ಮೊದಲ ನಾಲ್ಕು ಗಿಡ ನೆಟ್ಟಾಗ ನೀನು ಎರಡನೇ ಕ್ಲಾಸು. ಶಂಕರಪುರದ ಪರಿಚಯದವರು ಕೊಟ್ಟ ಗಿಡ. ಹಿತ್ತಿಲಲ್ಲಿ ನೆಡಬಹುದಾ ಎಂದು ಕೇಳಿದ್ದಕ್ಕೆ ಅಜ್ಜಿ "ನೆಲ ಸುಮ್ಮನೆ ಬಿದ್ದುಕೊಂಡು ಉಂಟಲ್ಲ, ನೆಡಿ" ಎಂದರು. ನಾಲ್ಕು ಹನ್ನೆರಡಾಯಿತು. ಬಾವಿ ನೀರು ಅವರದು, ಪಂಪಿನ ಕರೆಂಟು ಅವರದು, ಹಟ್ಟಿಯ ಗೊಬ್ಬರವೂ ಅವರದೇ. ಇಷ್ಟು ವರ್ಷದಲ್ಲಿ ಹೂವಿನ ದುಡ್ಡಿನಲ್ಲಿ ಪಾಲು ಕೇಳಿದ್ದಿಲ್ಲ. ಶುಕ್ರವಾರ ದೇವರ ಫೋಟೋಕ್ಕೆ ಒಂದು ತುಂಡು ಕೊಟ್ಟರೆ ಸಾಕಿತ್ತು. ಬೆಳಕು ಹರಿಯುವ ಮೊದಲು ಅಮ್ಮ ಮೊಗ್ಗು ಕೊಯ್ಯುತ್ತಿದ್ದಳು, ಶಾಲೆಗೆ ಹೊರಡುವ ಮೊದಲು ನೀನು ಎಣಿಸಿ ಕೊಡುತ್ತಿದ್ದಿ, ಅವಳು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಸಾವಿರ ದಾಟಿದ ದಿನ ನೀನು ಕುಣಿದದ್ದು ನೆನಪುಂಟಾ? ಮಳೆ ಹಿಡಿದರೆ ಹೂವೇ ಕಡಿಮೆ. ಬಂದದ್ದರಲ್ಲಿ ಒಂದು ರೂಪಾಯಿಯನ್ನೂ ಮನೆಖರ್ಚಿಗೆ ಮುಟ್ಟಲು ಅಮ್ಮ ಬಿಡಲಿಲ್ಲ, ಎಲ್ಲ ಪಿಗ್ಮಿಗೆ, ದಿನದಿನ ಕಟ್ಟುವ ಉಳಿತಾಯಕ್ಕೆ. ಈ ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಬ್ಯಾಂಕಿನವರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರಂತೆ. ಎರಡಾಣೆಯವರನ್ನೂ ಲೆಕ್ಕಕ್ಕೆ ಹಿಡಿದ ಆ ಯೋಚನೆಯ ಮೇಲೆ ನನಗೆ ತುಂಬ ಗೌರವ.

ಅಲೆವೂರಿಗೆ ಕೊಟ್ಟ ಟೋಕನ್ ಎರಡು ಲಕ್ಷವೂ ರಿಜಿಸ್ಟ್ರೇಶನ್ ಖರ್ಚೂ ಆ ಪಿಗ್ಮಿಯಿಂದಲೇ ಬಂದದ್ದು. ಅಂದರೆ ಅಲೆವೂರಿನ ಐದೂವರೆ ಸೆಂಟ್ಸ್ ಜಾಗದ ಬೇರು ಅಜ್ಜಿಯ ಹಿತ್ತಿಲಲ್ಲಿ ಉಂಟು. ಅವರ ಮುಂದೆ ನಿಂತು "ನಮಗೆ ಸ್ವಂತ ಮನೆ ಆಯಿತು, ಹೊರಡುತ್ತೇವೆ" ಎನ್ನಲು ನನಗೆ ನಾಲಿಗೆ ಏಳಲಿಲ್ಲ, ಮಗಾ. ಅದನ್ನು ಮಸ್ಕತ್ತಿನಲ್ಲಿರುವ ಅವರ ಮಗನ ಫೋನಿಗೆ ಕಳಿಸಿ, ಅವನು ರಾತ್ರಿ ಕರೆ ಮಾಡಿ ಅಜ್ಜಿಗೆ ಹೇಳಿ, ಮರುದಿನ ಬೆಳಿಗ್ಗೆ ನಾವು ಅದೇ ಬಾವಿಕಟ್ಟೆಯಲ್ಲಿ ಎದುರಾಗುವುದು? ನನ್ನಿಂದ ಆಗುವುದಿಲ್ಲ.

ನಿನ್ನೆ ದೀಪ ಹಚ್ಚಿದ ಮೇಲೆ ಇಬ್ಬರೂ ಅಂಗಳ ದಾಟಿ ಹೋದೆವು. ಅಜ್ಜಿ ಟಿವಿ ಸಣ್ಣ ಮಾಡಿದರು. ನಾನು ಹೇಳಿದೆ. ಅಮ್ಮ ನೆಲ ನೋಡುತ್ತಾ ಕೂತಿದ್ದಳು.

"ಎಷ್ಟು ಸೆಂಟ್ಸ್?" ಎಂದರು ಅಜ್ಜಿ.

ಹೇಳಿದೆ.

"ಬಾವಿ ಉಂಟಾ?"

"ಉಂಟು. ಮುರಕಲ್ಲಿನದು."

"ಎಪ್ರಿಲಿನಲ್ಲಿ ನೀರು ನಿಲ್ತದಾ ನೋಡಿದ್ರಾ?"

ನೋಡಿರಲಿಲ್ಲ. ಮಾರಿದವರು ಆರು ವರ್ಷದಿಂದ ಮುಂಬೈಯಲ್ಲಿದ್ದಾರೆ, ಬಾವಿ ಹಾಗೇ ಬಿದ್ದಿದೆ. ಮನೆ ಒಕ್ಕಲಿಗೆ (ಗೃಹಪ್ರವೇಶಕ್ಕೆ) ಮೊದಲು ಕೆಸರು ತೆಗೆಸಬೇಕು, ಈ ಕಡೆ ಆ ಕೆಲಸಕ್ಕೆ ಜನ ಸಿಗುವುದು ಎಪ್ರಿಲಿನಲ್ಲೇ, ಈಗಲೇ ಹೇಳಿಡಿ ಎಂದರು ಅಜ್ಜಿ. ಇಸಿ ನೋಡಿದ ನನಗೆ, 9/11 ನೋಡಿದ ನನಗೆ, ಬಾವಿಗೆ ಇಣುಕಿ ನೋಡಬೇಕೆಂದು ಹೊಳೆದಿರಲಿಲ್ಲ. ನಾವು ಬಿಟ್ಟು ಹೋಗುವ ಸುದ್ದಿ ಕೇಳಿ ಅವರಿಗೆ ಮೊದಲು ಚಿಂತೆಯಾದದ್ದು ನಮ್ಮ ನೀರಿನದು.

ಆಮೇಲೆ ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ.

ನಾನು ಮೇ 31ಕ್ಕೆ ಬಿಡುತ್ತೇವೆ ಎಂದೆ. ನಿನ್ನ 13,000ದ ಪ್ರಶ್ನೆಗೆ ಉತ್ತರ ಇಲ್ಲಿ ಉಂಟು. ಈ ಕಡೆ ಬಾಡಿಗೆಗೆ ಬರುವ ಮಕ್ಕಳಿರುವ ಸಂಸಾರದವರು ಮನೆ ಹುಡುಕುವುದು ಎಪ್ರಿಲ್, ಮೇಯಲ್ಲಿ, ಶಾಲೆ ಶುರುವಾಗುವ ಮೊದಲು. ಆ ಸಮಯ ತಪ್ಪಿದರೆ ಮಳೆ. ಜುಲೈ ಮಧ್ಯಕ್ಕೆ ತುಳು ತಿಂಗಳು ಆಟಿ ಹಿಡಿಯುತ್ತದೆ, ಆಟಿಯಲ್ಲಿ ನಮ್ಮವರು ಮನೆ ಬದಲಿಸುವುದಿಲ್ಲ. ಅದರ ಮುಂದಿನ ಸೋಣ ತಿಂಗಳು ಬರಬೇಕಾದರೆ ಆಗಸ್ಟ್ ಮಧ್ಯ. ಮಳೆಗಾಲದಲ್ಲಿ ಬೀಗ ಹಾಕಿದ ಹಂಚಿನ ಮನೆ ಏನಾಗುತ್ತದೆ ಎಂದು ನಿನಗೆ ಗೊತ್ತಲ್ಲ, ಪಕ್ಕಾಸಿಗೆ ಗೆದ್ದಲು, ಗೋಡೆಗೆ ಪಾಚಿ. ನಮ್ಮ 6,500 ರೂಪಾಯಿ ಅಜ್ಜಿಯ ಔಷಧಿಗೆ ಹೋಗುವ ದುಡ್ಡು. ಕಾಯ್ದೆಯ 15 ದಿನ ಕೊಟ್ಟು ಹೊರಟರೆ ಯಾರೂ ತಪ್ಪು ಎನ್ನಲಿಕ್ಕಿಲ್ಲ, ಆದರೆ ಅಷ್ಟರಲ್ಲಿ ಅಜ್ಜಿಗೆ ಒಳ್ಳೆ ಬಾಡಿಗೆಯವರು ಸಿಗಬೇಕಲ್ಲ.

ನಮಗೂ ಆ ಸಮಯ ಬೇಕು. ಬಾವಿ ಕೆಸರು, ಅಡುಗೆಮನೆಯ ಪೈಪು, ಪೇಂಟು, ಮೆಸ್ಕಾಂನಲ್ಲಿ ಮೀಟರಿನ ಹೆಸರು ಬದಲಾವಣೆ, ಪಂಚಾಯತಿಯಲ್ಲಿ ತೆರಿಗೆಯ ಹೆಸರು. ಎಪ್ರಿಲ್, ಮೇ ಎರಡು ತಿಂಗಳು 19,695 ಇಎಂಐ, 6,500 ಬಾಡಿಗೆ, ಒಟ್ಟು 26,195. ಕಷ್ಟವೇ. ಅದಕ್ಕೇ ಹೊಸ ಕಪಾಟಿನ ಮಾತು ಈ ವರ್ಷ ಬೇಡ ಎಂದು ಅಮ್ಮನೂ ನಾನೂ ತೀರ್ಮಾನಿಸಿದೆವು. ನೀನು ಹೆಚ್ಚು ಕಳಿಸುವುದು ಬೇಡ.

"ಮಲ್ಲಿಗೆ ಗಿಡ ಏನು ಮಾಡ್ತೀರಿ?" ಎಂದು ಅಜ್ಜಿಯೇ ಕೇಳಿದರು. ಬಾಡಿಗೆದಾರ ನೆಲಕ್ಕೆ ಹಾಕಿದ್ದನ್ನು, ಜಾಗವನ್ನು ಮೊದಲಿದ್ದ ಹಾಗೆ ಮಾಡಿಕೊಟ್ಟು ತೆಗೆದುಕೊಂಡು ಹೋಗಬಹುದು ಎಂದು ಅದೇ ಕಾಯ್ದೆಯ 108ನೇ ಕಲಮು ಹೇಳುತ್ತದೆ. ನಾನು ಅದನ್ನು ಬಾಯಿಗೆ ತರುವ ಮೊದಲೇ ಅಮ್ಮ "ಅದು ಇಲ್ಲಿಯೇ ಇರ್ಲಿ ಅಜ್ಜಿ. ಮಳೆ ಹಿಡಿದ ಮೇಲೆ ನಾಲ್ಕು ಗೆಲ್ಲು ಕೊಡಿ, ಸಾಕು" ಎಂದಳು. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಗ ಅಮ್ಮನಿಗೂ ತಡೆಯಲಾಗಲಿಲ್ಲ.

ಕಾಗದ ಕೊಟ್ಟದ್ದು ಕೊನೆಗೆ. ಕನ್ನಡಕ ಒಳಗಿತ್ತು, ನೀವೇ ಓದಿ ಎಂದರು. ಓದಿದೆ. ಇಂಥ ದಿನದಿಂದ ಬಾಡಿಗೆಗೆ ಇದ್ದೇವೆ, ಮೇ 31ಕ್ಕೆ ಬಿಡುತ್ತೇವೆ, ಅಲ್ಲಿಯವರೆಗೆ ಬಾಡಿಗೆ ಕೊಡುತ್ತೇವೆ, ಕೊನೆಯ ದಿನ ಮೀಟರ್ ನೋಡಿ ಕರೆಂಟಿನ ಬಿಲ್ಲು ಕಟ್ಟುತ್ತೇವೆ, ಅಡ್ವಾನ್ಸ್ 30,000 ಆ ದಿನ ಹಿಂದೆ ಕೊಡಬೇಕು. ಜೊತೆಗೆ ಮನೆಯ ಸಾಮಾನಿನ ಪಟ್ಟಿ: ಫ್ಯಾನು ಮೂರು, ಟ್ಯೂಬ್‌ಲೈಟು ಐದು, ಕಡೆಯುವ ಕಲ್ಲು ಒಂದು, ಹಂಡೆ ಒಂದು, ಕೀ ನಾಲ್ಕು. ಇಷ್ಟು ಹತ್ತಿರದವರಿಗೆ ಕಾಗದ ಯಾಕೆ ಎಂದು ನಿನಗೆ ಅನಿಸಬಹುದು. ಹತ್ತಿರದವರಾದ್ದರಿಂದಲೇ ಕೊಟ್ಟದ್ದು. ಅಜ್ಜಿಗೆ 82 ವರ್ಷ. ನಾಳೆ ಮಗನೋ ಸೊಸೆಯೋ ಕೇಳಿದರೆ ಅವರು ನೆನಪು ಮಾಡಿಕೊಂಡು ಹೇಳಬೇಕಾಗಬಾರದು, ತೆಗೆದು ತೋರಿಸಿದರೆ ಸಾಕು. ನಮ್ಮ ಪ್ರತಿಯಲ್ಲಿ ತಾರೀಕು ಹಾಕಿ ಸಹಿ ಮಾಡಿಕೊಟ್ಟರು. ರಾತ್ರಿ ಅದರ ಫೋಟೋ ಮಗನಿಗೆ ವಾಟ್ಸ್ಆಪ್ ಮಾಡಿದೆ. ಒಕ್ಕಲಿಗೆ ಕರೆಯಬೇಕು ಎಂದು ಉತ್ತರ ಬಂತು.

ನಿನ್ನ ಬೆಂಗಳೂರಿನ ಫ್ಲ್ಯಾಟಿನ ಕರಾರನ್ನೂ ಒಮ್ಮೆ ತೆಗೆದು ಓದು. ನೋಟಿಸ್ ಎಷ್ಟು ತಿಂಗಳು, ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂಬ ಎರಡು ಸಾಲು ನೋಡಿದರೆ ಸಾಕು.

ಒಕ್ಕಲು ಮೇ ತಿಂಗಳಲ್ಲಿ, ಭಟ್ಟರು ದಿನ ನೋಡಿ ಹೇಳುತ್ತಾರೆ. ಗೊತ್ತಾದ ಕೂಡಲೇ ಫೋನ್ ಮಾಡುತ್ತೇನೆ, ರಜೆ ಹಾಕು. ಅಲೆವೂರಿಗೆ ಹೋಗುವ ಮೊದಲು ಇಲ್ಲಿಗೆ ಬಾ, ಅಜ್ಜಿ ನಿನ್ನನ್ನು ಎರಡು ಸಲ ಕೇಳಿದರು. ಬರುವಾಗ ನಿನ್ನ ಬ್ಯಾಗಿನಲ್ಲಿರುವ ಈ ಮನೆಯ ಕೀ ಮರೆಯಬೇಡ. ಪಟ್ಟಿಯಲ್ಲಿ ನಾಲ್ಕು ಎಂದು ಬರೆದಿದ್ದೇನೆ, ಇಲ್ಲಿ ಮೂರೇ ಇರುವುದು.

ಇತಿ,
ನಿನ್ನ ಅಪ್ಪ